ಉಳಿ ನೀಲಿಯಾಯ್ತು, ಇನ್ನು ಎಸೆಯಬೇಕಾ?

ಪ್ರಶ್ನೆ: ನಾವು ಶಿರಸಿ ಹತ್ತಿರದ ಹಳ್ಳಿಯವರು. ಏಳೆಂಟು ಜನ ಸೇರಿ ಹಳೆಯ ಅಡಿಕೆ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಮರಗೆಲಸಕ್ಕೆ ಸಜ್ಜು ಮಾಡಿಕೊಂಡಿದ್ದೇವೆ. ಕೆಲವರಿಗೆ ಇದು ಹೊಟ್ಟೆಪಾಡು, ಉಳಿದವರಿಗೆ ಭಾನುವಾರದ ಹುಚ್ಚು. ಉಳಿ, ರಂದಾ, ಬಾಚಿ ಎಲ್ಲ ಒಟ್ಟಿಗೇ ಕೊಂಡಿದ್ದು. ಯಾರು ಬೇಕಾದರೂ ಬಳಸಬಹುದು. ಹಳೆ ಮನೆ ಕೆಡವಿದಾಗ ಸಿಗುವ ಸಾಗವಾನಿ, ಹಲಸಿನ ತೊಲೆಗಳೇ ನಮ್ಮ ಮರ. ಕಳೆದ ತಿಂಗಳು ಒಬ್ಬರು ಬೆಂಚ್ ಗ್ರೈಂಡರ್ ತಂದರು. ಅಲ್ಲಿಂದ ಉಳಿಗಳ ತುದಿ ನೀಲಿಯಾಗಿದೆ. ಎಷ್ಟು ಮಸೆದರೂ ನಾಲ್ಕು ಪೆಟ್ಟಿಗೆ ಬಾಯಿ ಮಡಚುತ್ತದೆ. ಊರಿನ ಆಚಾರರು ‘ಹದ ಹೋಯ್ತು, ಎಸೀರಿ’ ಅಂದರು. ಗ್ರೈಂಡರ್ ತಂದವರು ‘ನೀರಿಗೆ ಅದ್ದುತ್ತಲೇ ಇದ್ದೆ, ಏನೂ ಆಗಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ಕುಲುಮೆಗೆ ಒಯ್ದು ಮತ್ತೆ ಹದ ಹಾಕಿಸೋಣ ಅನ್ನುತ್ತಾರೆ. ಇದರ ನಡುವೆ ನನ್ನ ಅಜ್ಜನ ಒಂದೂವರೆ ಇಂಚಿನ ಉಳಿಯನ್ನು ಓರೆ ಬಾಯಿಯ ಉಳಿ (ಬಾಯಿ ನೇರವಾಗಿರದೆ ಒಂದು ಮೂಲೆಯ ಕಡೆಗೆ ವಾರೆಯಾಗಿರುವಂಥದ್ದು) ಮಾಡೋಣ ಅಂತ ಎಲ್ಲರ ಒತ್ತಾಯ. ಮಾಡಬಹುದೇ? ಎಲ್ಲರೂ ಒಂದೇ ಕಲ್ಲಿನಲ್ಲಿ ಮಸೆಯುವುದು ಸರಿಯೇ? ಈಗೀಗ ಮನೆಯ ಕತ್ತಿ, ಮೆಟ್ಟುಗತ್ತಿಗಳನ್ನೂ ಇಲ್ಲೇ ತರುತ್ತಿದ್ದಾರೆ.

ಉತ್ತರ:

ಎಸೆಯಬೇಡಿ. ಆಚಾರರು ಹೇಳಿದ್ದು ಅರ್ಧ ಸರಿ. ಹದ ಹೋಗಿದೆ, ನಿಜ. ಆದರೆ ಹೋಗಿರುವುದು ತುದಿಯ ಒಂದೆರಡು ಮಿಲಿಮೀಟರ್‌ನಲ್ಲಿ ಅಷ್ಟೇ. ಅದರ ಹಿಂದಿನ ಉಕ್ಕು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಗ್ರೈಂಡರ್ ತಂದ ಗೆಳೆಯರ ಮಾತು ಮಾತ್ರ ಒಪ್ಪುವಂಥದ್ದಲ್ಲ. ಅವರ ಮೇಲೆ ಸಿಟ್ಟಾಗಬೇಡಿ, ಮರಗೆಲಸಕ್ಕೆ ಬರುವ ಹತ್ತರಲ್ಲಿ ಎಂಟು ಜನ ಹಾಗೇ ನಂಬಿರುತ್ತಾರೆ.

ನಿಮ್ಮ ಪತ್ರ ಓದಿದಾಗ ನನಗೆ ನೀಲಿ ಬಣ್ಣಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಇನ್ನೊಂದು ವಿಷಯಕ್ಕೆ. ಏಳೆಂಟು ಜನ ಒಂದೇ ಉಳಿ ಬಳಸುತ್ತೀರಿ, ಆದರೆ ಅದರ ಬಾಯಿಯ ಇಳಿಜಾರು, ಅಂದರೆ ಓರೆ, ಎಷ್ಟಿರಬೇಕು ಅಂತ ಯಾರೂ ನಿರ್ಧಾರ ಮಾಡಿದ ಹಾಗೆ ಕಾಣಲಿಲ್ಲ. ಒಬ್ಬರು ಮಸೆದದ್ದು ಇನ್ನೊಬ್ಬರಿಗೆ ಸರಿ ಕಾಣುವುದಿಲ್ಲ. ಅವರು ಮೊದಲಿಂದ ಶುರು ಮಾಡುತ್ತಾರೆ. ಕಲ್ಲಿನಲ್ಲಿ ತಡವಾಗುತ್ತದೆ ಅಂತ ಗ್ರೈಂಡರ್‌ಗೆ ಹಿಡಿಯುತ್ತಾರೆ. ಅಲ್ಲಿ ನೀಲಿಯಾಗುತ್ತದೆ. ಹಂಚಿಕೊಂಡು ಬಳಸುವ ಉಳಿಗಳು ಹಾಳಾಗುವ ದಾರಿ ಬಹುಪಾಲು ಇದೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನೀಲಿಯ ಕತೆ ಮುಗಿಸೋಣ.

ಉಳಿ ತಯಾರಿಸುವಾಗ ಉಕ್ಕನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಒಮ್ಮೆಲೇ ಎಣ್ಣೆಗೋ ನೀರಿಗೋ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ: ಗಡುಸೂ ಹೌದು, ಪೆಟ್ಟು ಬಿದ್ದರೆ ಚೂರೂ ಹೌದು. ಆ ಬಿರುಸು ತೆಗೆಯಲು ಮತ್ತೊಮ್ಮೆ, ಈ ಸಲ ಮೆಲ್ಲಗೆ, ಸುಮಾರು 200 ಡಿಗ್ರಿಗೆ ಕಾಯಿಸುತ್ತಾರೆ. ಕೊಡತಿಯ ಪೆಟ್ಟು ತಡೆಯುವಷ್ಟು ಮೆದು, ಬಾಯಿ ನಿಲ್ಲುವಷ್ಟು ಗಡುಸು. ನಾವು ಹದ ಅನ್ನುವುದು ಇದನ್ನೇ. ಒಂದು ಸಲ ಹದಕ್ಕೆ ಬಂದ ಉಕ್ಕನ್ನು ಆ ಶಾಖಕ್ಕಿಂತ ಮೇಲೆ ಯಾವಾಗ ಕಾಯಿಸಿದರೂ ಇನ್ನಷ್ಟು ಮೆದುವಾಗುತ್ತದೆ. ಎಷ್ಟು ಹೊತ್ತು ಕಾಯಿತು ಅನ್ನುವುದಕ್ಕಿಂತ ಎಷ್ಟು ಡಿಗ್ರಿ ಮುಟ್ಟಿತು ಅನ್ನುವುದೇ ಇಲ್ಲಿ ಮುಖ್ಯ.

ಬಣ್ಣ ಅದನ್ನೇ ಹೇಳುತ್ತದೆ. ತಿಕ್ಕಿ ಹೊಳಪು ಮಾಡಿದ ಸಾಮಾನ್ಯ ಉಕ್ಕು 220–230 ಡಿಗ್ರಿಗೆ ಒಣಹುಲ್ಲಿನ ತಿಳಿ ಹಳದಿಗೆ ತಿರುಗುತ್ತದೆ. 255ರ ಹೊತ್ತಿಗೆ ಕಂದು. 280ರ ಸುತ್ತ ನೇರಳೆ. 300ಕ್ಕೆ ನೀಲಿ. ತಿಳಿ ಹಳದಿ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಕಂದು ಬಂದರೆ ಎಚ್ಚರಿಕೆ. ನೀಲಿ ಬಂತು ಅಂದರೆ ಅಲ್ಲಿ ಉಕ್ಕು ಉಳಿಗೆ ಬೇಕಾದಷ್ಟು ಗಡುಸಾಗಿ ಉಳಿದಿಲ್ಲ. ನಿಮ್ಮ ಉಳಿಯ ಬಾಯಿ ಮಡಚುತ್ತಿರುವುದು ಅದಕ್ಕೇ. ಅಂದಹಾಗೆ, ನೀಲಿಯನ್ನು ಸ್ಯಾಂಡ್‌ಪೇಪರ್‌ನಿಂದ ತಿಕ್ಕಿದರೆ ಹೋಗುತ್ತದೆ. ಬಣ್ಣ ಹೋಗುತ್ತದೆ, ಮೆದುವಾದ ಉಕ್ಕು ಹಾಗೇ ಉಳಿಯುತ್ತದೆ. ಯಾರೋ ತಿಕ್ಕಿ ಬೆಳ್ಳಗೆ ಮಾಡಿಟ್ಟ ಉಳಿ ನೋಡಿ ಮೋಸ ಹೋಗಬೇಡಿ.

ನೀರಿಗೆ ಅದ್ದುವ ವಿಷಯ. ನೀರು ಶಾಖ ಇಳಿಸುತ್ತದೆ, ಹೋದ ಹದವನ್ನು ವಾಪಸ್ ತರುವುದಿಲ್ಲ. ಮತ್ತೆ ಗಡುಸು ಬರಬೇಕಾದರೆ ಕೆಂಪಗೆ ಕಾಯಿಸಿಯೇ ಅದ್ದಬೇಕು. 300 ಡಿಗ್ರಿಗೆ ಮುಟ್ಟಿ ನೀಲಿಯಾದ ಮೇಲೆ ನೀರಿಗೆ ಹಾಕಿದರೂ ಒಂದೇ, ಹಾಗೇ ಆರಲು ಬಿಟ್ಟರೂ ಒಂದೇ. ಅದ್ದಬೇಕಾದದ್ದು ಬಿಸಿಯಾಗುವ ಮೊದಲು. ಚಕ್ರಕ್ಕೆ ಎರಡು ಸೆಕೆಂಡು ತಾಗಿಸಿ, ಅದ್ದಿ, ಮತ್ತೆ ತಾಗಿಸಿ, ಅದ್ದಿ. ಉಳಿ ‘ಚುಂಯ್’ ಅಂತ ಸದ್ದು ಮಾಡಿತು ಅಂದರೆ ನೀವು ಆಗಲೇ ತಡ ಮಾಡಿದ್ದೀರಿ. ಅದೂ ಅಲ್ಲದೆ ತೀರಾ ಕಾದ ತೆಳು ಅಂಚನ್ನು ತಣ್ಣೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಆಮೇಲೆ ಅಂಚು ಪುಡಿಪುಡಿ ಉದುರುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ.

ಕಿಡಿ ಹಾರಿದರೆ ಹದ ಹೋಯ್ತು ಅಂತ ಹೆದರುವವರೂ ಇದ್ದಾರೆ. ಅದು ಸುಳ್ಳು. ಕಿಡಿ ಅಂದರೆ ಚಕ್ರ ಕಿತ್ತ ಉಕ್ಕಿನ ಕಣ ಗಾಳಿಯಲ್ಲಿ ಉರಿಯುವುದು. ಕಿಡಿ ಧಾರಾಳ ಹಾರಿಯೂ ಉಳಿ ತಣ್ಣಗಿರಬಹುದು. ಚಕ್ರದ ಮೈ ಉಕ್ಕಿನ ಪುಡಿಯಿಂದ ತುಂಬಿ ಹೊಳೆಯುತ್ತಿದ್ದರೆ ಕಿಡಿ ಕಮ್ಮಿ, ಶಾಖ ಜಾಸ್ತಿ. ಕತ್ತರಿಸುವ ಬದಲು ಅದು ಸುಮ್ನೆ ಉಜ್ಜುತ್ತಿರುತ್ತದೆ.

ಹಾಗಾದರೆ ಈಗ ಏನು ಮಾಡುವುದು? ಮೂರು ದಾರಿ ಇವೆ.

ಒಂದು, ಮೆದುವಾದ ಭಾಗ ಸವೆಸಿ ಹಿಂದೆ ಹೋಗುವುದು. ನನ್ನ ಸಲಹೆ ಇದೇ. ಎಷ್ಟು ಹಿಂದೆ? ಬಣ್ಣ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇನ್ನೊಂದು ಕೂದಲೆಳೆಯಷ್ಟು. ಗೊತ್ತಾಗದಿದ್ದರೆ ಹಳೆಯ ನುಣುಪು ಅರವೊಂದನ್ನು ತೆಗೆದುಕೊಂಡು ಅದರ ಮೂಲೆಯಿಂದ ಉಳಿಯ ಬೆನ್ನ (ಓರೆಯಿಲ್ಲದ ಚಪ್ಪಟೆ ಮೈಯ) ಬದಿಯ ಅಂಚನ್ನು ಮೆತ್ತಗೆ ಗೀರಿ ನೋಡಿ. ಬಾಯಿಯಿಂದ ಅಂಗುಲ ಹಿಂದೆ ಅರ ಜಾರುತ್ತದೆ. ಬಾಯಿಯ ಹತ್ತಿರ ಬರುತ್ತಿದ್ದಂತೆ ಅರ ಕಚ್ಚಲು ಶುರುವಾಗುತ್ತದೆ. ಕೈಗೇ ತಿಳಿಯುತ್ತದೆ. ಅರ ಕಚ್ಚುವಷ್ಟು ದೂರವೂ ಹೋಗಬೇಕು. ಎರಡು ಮಿಲಿಮೀಟರ್ ಕಳೆದುಕೊಂಡರೆ ನಾಲ್ಕೈದು ಇಂಚು ಉದ್ದದ ಅಲಗಿಗೆ ಅದೇನು ನಷ್ಟ ಅಲ್ಲ.

ಎರಡು, ಕುಲುಮೆ. ನಮ್ಮ ಜಿಲ್ಲೆಯಲ್ಲಿ ಕತ್ತಿ, ಗುದ್ದಲಿಗೆ ಚೆಂದ ಹದ ಹಾಕುವ ಕಮ್ಮಾರರು ಇದ್ದಾರೆ. ಆದರೆ ಅವರ ಕೈ ಪಳಗಿರುವುದು ಹೆಚ್ಚಾಗಿ ಲಾರಿಯ ಸ್ಪ್ರಿಂಗ್ ಪಾಟಾದ ಉಕ್ಕಿನ ಮೇಲೆ. ಅದರಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರ ಸುಮಾರು. ಅಂಗಡಿಯ ಉಳಿಯಲ್ಲಿ ಇಂಗಾಲ ಹೆಚ್ಚಿರಬಹುದು, ಕ್ರೋಮಿಯಂ, ವೆನೇಡಿಯಂ ಸೇರಿರಬಹುದು. ಯಾವ ಉಕ್ಕು ಅಂತ ಗೊತ್ತಿಲ್ಲದೆ ಕಾಯಿಸಿ ಅದ್ದಿದರೆ ಬಿರುಕು ಬಿಡಬಹುದು, ತೆಳು ಅಲಗು ಸೊಟ್ಟ ಆಗಬಹುದು. ಇದ್ದಿಲಿನಲ್ಲಿ ಜಾಸ್ತಿ ಹೊತ್ತು ಕಾದರೆ ಹೊರಮೈಯ ಇಂಗಾಲ ಸುಟ್ಟು ಹೋಗಿ ಇನ್ನೂ ಮೆದುವಾಗುತ್ತದೆ. ಹಿಡಿಯನ್ನೂ ಬಿಚ್ಚಬೇಕು. ಇಡೀ ಅಲಗು ಕಾದು ಹಾಳಾದ ಉಳಿಗೆ, ಅಂದರೆ ಮನೆ ಸುಟ್ಟಾಗ ಸಿಕ್ಕಿಕೊಂಡಂಥದ್ದಕ್ಕೆ, ಈ ದಾರಿ ಸರಿ. ತುದಿ ಮಾತ್ರ ನೀಲಿಯಾದದ್ದಕ್ಕೆ ಬೇಡ.

ಮೂರು, ತೀರಾ ಕೆಟ್ಟ ಒಂದೆರಡನ್ನು ಹಾಗೇ ಬಿಟ್ಟು ಹಿಡಿಗೆ ಕೆಂಪು ಬಣ್ಣ ಬಳಿದು ಇಡುವುದು. ಒಣಗಿದ ಫೆವಿಕಾಲ್ ಕೀಳಲು, ಮೊಳೆಯ ಸುತ್ತ ಕೆರೆಯಲು ಒಂದು ಬಲಿಪಶು ಉಳಿ ಎಲ್ಲ ಕಡೆ ಬೇಕು. ಅದಿಲ್ಲದಿದ್ದರೆ ಜನ ಒಳ್ಳೆಯದನ್ನೇ ಎತ್ತಿಕೊಳ್ಳುತ್ತಾರೆ.

ಮೊಳೆಯ ಮಾತು ಬಂತಲ್ಲ, ಹಳೆ ತೊಲೆ ಅಂದಿರಿ. ನಿಮ್ಮ ಉಳಿಗಳಲ್ಲಿ ಚಕ್ಕೆ ಹಾರಿದವೂ ಇರಲೇಬೇಕು. ತಲೆ ಮುರಿದ ಮೊಳೆ ಮರದೊಳಗೆ ಕೂತಿರುತ್ತದೆ. ಮರದ ಮೈಯಲ್ಲಿ ಕಾರಣವಿಲ್ಲದ ಕಪ್ಪು ಕಲೆ, ಅದರ ನಡುವೆ ಸೂಜಿ ಮೊನೆಯಷ್ಟು ತೂತು ಕಂಡರೆ ಒಳಗೆ ಕಬ್ಬಿಣ ಇದೆ ಅಂತಲೇ ಅಂದುಕೊಳ್ಳಿ. ತೊಲೆಯನ್ನು ತಂತಿ ಬ್ರಶ್‌ನಿಂದ ತಿಕ್ಕಿ, ಹಳೆ ಸ್ಪೀಕರ್‌ನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮೇಲಿಂದ ಆಡಿಸಿ. ಹತ್ತು ನಿಮಿಷದ ಕೆಲಸ. ಇನ್ನು ಸಾಗವಾನಿಯ ಮೈಯಲ್ಲೇ ಸಿಲಿಕಾ ಇರುತ್ತದೆ, ಸಣ್ಣ ಮರಳಿನ ಹಾಗೆ ಅದು ಅಂಚನ್ನು ತಿನ್ನುತ್ತದೆ. ಹಲಸಿನಲ್ಲಿ ಅರ್ಧ ದಿನ ನಿಲ್ಲುವ ಬಾಯಿ ಸಾಗವಾನಿಯಲ್ಲಿ ಬೇಗ ಮೊಂಡಾದರೆ ಮಸೆದವರನ್ನು ಬಯ್ಯಬೇಡಿ.

ಈಗ ಸವೆಸುವ ಕ್ರಮ. ನೀಲಿಯಾದದ್ದಕ್ಕೂ ಚಕ್ಕೆ ಹಾರಿದ್ದಕ್ಕೂ ಇದು ಒಂದೇ. ಹೆಚ್ಚಿನವರು ಓರೆಯನ್ನೇ ಚಕ್ರಕ್ಕೆ ಹಿಡಿದು ಸವೆಸುತ್ತ ಹೋಗುತ್ತಾರೆ. ಆಗ ಅಂಚು ಯಾವಾಗಲೂ ಕಾಗದದಷ್ಟು ತೆಳ್ಳಗೇ ಇರುತ್ತದೆ. ತೆಳ್ಳಗಿನ ಅಂಚಿಗೆ ಶಾಖ ಹಿಂದಕ್ಕೆ ಸಾಗಿಸುವಷ್ಟು ಮೈಯೇ ಇಲ್ಲ, ಕ್ಷಣದಲ್ಲಿ ನೀಲಿ. ಹಾಗೆ ಮಾಡಬೇಡಿ. ಬೆನ್ನ ಮೇಲೆ ಮೂಲೆಮಟ್ಟ ಇಟ್ಟು, ಎಲ್ಲಿಯವರೆಗೆ ಹೋಗಬೇಕೋ ಅಲ್ಲಿ ಮೊಳೆಯ ಮೊನೆಯಿಂದ ಗೆರೆ ಎಳೆಯಿರಿ. ಉಳಿಯನ್ನು ಚಕ್ರಕ್ಕೆ ನೇರ, 90 ಡಿಗ್ರಿಯಲ್ಲಿ ಹಿಡಿದು ಗೆರೆಯ ತನಕ ಮೊಂಡು ಮಾಡಿ. ಹೌದು, ಬೇಕಂತಲೇ ಮೊಂಡು. ನೋಡುವವರಿಗೆ ಎದೆ ಝಲ್ ಅನ್ನುತ್ತದೆ. ಆದರೆ ಈಗ ತುದಿ ಒಂದು ಮಿಲಿಮೀಟರ್ ದಪ್ಪ ಇದೆ, ಶಾಖ ತಡೆದುಕೊಳ್ಳುತ್ತದೆ. ಆಮೇಲೆ ಓರೆಯನ್ನು ಸವೆಸುತ್ತ ಬನ್ನಿ. ತುದಿಯ ಮೊಂಡು ಪಟ್ಟಿ ಬೆಳಕಿಗೆ ಬಿಳಿ ಗೆರೆಯಾಗಿ ಹೊಳೆಯುತ್ತಿರುತ್ತದೆ, ಸವೆದಂತೆ ಸಣ್ಣದಾಗುತ್ತದೆ. ಅದು ದಾರದಷ್ಟು ಉಳಿದಾಗ ಗ್ರೈಂಡರ್ ಆಫ್ ಮಾಡಿ. ಉಳಿದದ್ದು ಕಲ್ಲಿನ ಕೆಲಸ. ಬಾಯಿ ಪೂರ್ತಿ ಚೂಪಾಗುವ ತನಕ ಚಕ್ರದಲ್ಲೇ ಹಿಡಿಯುವುದು ನಿಮ್ಮಲ್ಲಿ ಆಗಿರುವ ತಪ್ಪು.

ಬೆರಳನ್ನು ಬಾಯಿಯ ಹತ್ತಿರ, ಬೆನ್ನ ಮೇಲೆ ಬರಿಗೈಯಲ್ಲಿ ಇಟ್ಟಿರಿ. ಬೆರಳಿಗೆ ಬಿಸಿ ಅನ್ನಿಸಿದರೆ ನಿಲ್ಲಿಸಿ. ಕೈಗವಸು ಹಾಕಿದರೆ ಬಿಸಿ ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ತಿರುಗುವ ಚಕ್ರ ಗವಸನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಗ್ರೈಂಡರ್ ಕೆಟ್ಟದ್ದಲ್ಲ. ಅದರ ಜೊತೆ ಬರುವ ಬೂದು ಬಣ್ಣದ ಚಕ್ರ ಎಲ್ಲ ಥರದ ಕಬ್ಬಿಣಕ್ಕೆ ಅಂತ ಮಾಡಿದ್ದು. ಉಳಿಗೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, 60 ಅಥವಾ 80 ಗ್ರಿಟ್, ತಂದು ಹಾಕಿ. ಅದರ ಕಣಗಳು ಬೇಗ ಉದುರಿ ಹೊಸ ಹಲ್ಲು ಹೊರಗೆ ಬರುತ್ತದೆ, ಶಾಖ ಕಮ್ಮಿ. ಚಕ್ರ ಹೊಳಪಾದರೆ ಡ್ರೆಸ್ಸರ್‌ನಿಂದ ಮೈ ಕೆರೆಯಿರಿ. ನಮ್ಮ 50 ಹರ್ಟ್ಸ್ ಕರೆಂಟಿಗೆ ಸಾಮಾನ್ಯ ಬೆಂಚ್ ಗ್ರೈಂಡರ್ ನಿಮಿಷಕ್ಕೆ ಸುಮಾರು 2,850 ಸುತ್ತು ತಿರುಗುತ್ತದೆ. ಆರಿಂಚಿನ ಚಕ್ರದ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅದಕ್ಕೇ ಹಗುರ ಕೈ ಬೇಕು ಅನ್ನುವುದು. ಕೆಲವರು ನಾಲ್ಕಿಂಚಿನ ಹ್ಯಾಂಡ್ ಗ್ರೈಂಡರ್‌ನಲ್ಲಿ ಉಳಿ ಸಾಣೆ ಹಿಡಿಯುತ್ತಾರೆ. ಅದು 11,000 ಸುತ್ತು, ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್. ಅದನ್ನು ಗೇಟಿನ ಕೆಲಸಕ್ಕೆ ಬಿಟ್ಟುಬಿಡಿ.

ಅಪಾಯದ ವಿಷಯ ನಾಲ್ಕು ಮಾತಲ್ಲಿ ಹೇಳುತ್ತೇನೆ. ಹೊಸ ಚಕ್ರ ಹಾಕುವ ಮೊದಲು ತೂತಿನಲ್ಲಿ ಬೆರಳಿಟ್ಟು ನೇತು ಹಾಕಿ ಮರದ ಹಿಡಿಯಿಂದ ತಟ್ಟಿ. ಗಂಟೆಯ ಹಾಗೆ ಸದ್ದು ಬರಬೇಕು. ‘ಡಬ್’ ಅಂದರೆ ಒಳಗೆ ಬಿರುಕಿದೆ, ಬಳಸಬೇಡಿ. ಚಕ್ರಕ್ಕೂ ಉಳಿ ಊರುವ ಪಟ್ಟಿಗೂ ನಡುವೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು, ಇದ್ದರೆ ಅಲಗು ಒಳಗೆ ಸಿಕ್ಕಿ ಚಕ್ರ ಒಡೆಯುತ್ತದೆ. ಚಕ್ರದ ಬದಿಗೆ ಒತ್ತಬಾರದು. ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟಬಾರದು. ಕೊರಳಿನ ಬೈರಾಸು, ಉದ್ದ ತೋಳು, ಪಂಚೆಯ ಚುಂಗು ದೂರ ಇರಲಿ. ಗ್ರೈಂಡರ್‌ನ ಕೆಳಗೆ ಮರದ ಪುಡಿ ಗುಡ್ಡೆ ಬಿದ್ದಿರಬಾರದು. ಕಿಡಿ ಹೊಕ್ಕರೆ ಒಳಗೊಳಗೇ ಹೊಗೆಯಾಡುತ್ತ ಇದ್ದು ನೀವು ಬಾಗಿಲು ಹಾಕಿ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ನಮ್ಮ ಕಡೆಯವರಿಗೇ ಹೇಳಬೇಕಾದದ್ದು: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ ಅಲ್ವಾ. ಕರೆಂಟು ಹೋದ ತಕ್ಷಣ ಸ್ವಿಚ್ ಆರಿಸಿ. ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು, ಯಾರೋ ಚಕ್ರದ ಮೇಲೆ ಕೈಯಿಟ್ಟು ಹರಟೆ ಹೊಡೆಯುವಾಗ ಅದು ತಾನೇ ತಿರುಗಲು ಶುರುವಾಗುತ್ತದೆ. ಒಮ್ಮೆ ಕರೆಂಟು ಹೋದರೆ ಮತ್ತೆ ಗುಂಡಿ ಒತ್ತುವ ತನಕ ಶುರುವಾಗದ ಸ್ವಿಚ್ ಸಿಗುತ್ತದೆ, ಹಾಕಿಸಿಕೊಂಡರೆ ಒಳ್ಳೆಯದು.

ಗ್ರೈಂಡರ್ ಬೇಡವೇ ಬೇಡ ಅನ್ನಿಸಿದರೆ ಕೈಯಲ್ಲಿ ತಿರುಗಿಸುವ ಸಾಣೆ ಚಕ್ರ ಇದೆ. ಒಂದು ಕೈ ತಿರುಗಿಸಲು ಹೋಗುತ್ತದೆ, ಅಭ್ಯಾಸ ಬೇಕು. ಏಳೆಂಟು ಜನ ಇದ್ದೀರಲ್ಲ, ಒಬ್ಬರು ತಿರುಗಿಸಲಿ. ಅಥವಾ ದಪ್ಪ ಗಾಜಿನ ಮೇಲೆ 80 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ ತಿಕ್ಕಬಹುದು. ನಿಧಾನ, ತೋಳು ನೋಯುತ್ತದೆ, ಆದರೆ ನೀಲಿಯಾಗುವ ಭಯ ಇಲ್ಲ.

ಈಗ ನಿಜವಾದ ರೋಗಕ್ಕೆ ಬರೋಣ, ಓರೆಯ ಕೋನ. ಮರ ಸವರಲು ಕೈಯಿಂದ ಒತ್ತುವ ಉಳಿಗೆ 20–25 ಡಿಗ್ರಿ. ಸಾಮಾನ್ಯ ಬೆಂಚಿನ ಉಳಿ, ರಂದಾದ ಅಲಗು ಇವಕ್ಕೆ 25 ಡಿಗ್ರಿಗೆ ಸಾಣೆ ಹಿಡಿದು, ತುದಿಯ ಸಣ್ಣ ಪಟ್ಟಿಯನ್ನು ಮಾತ್ರ 30ಕ್ಕೆ ಮಸೆಯುವುದು. ಕೊಡತಿಯಿಂದ ಹೊಡೆದು ಆಳದ ತೂತು ತೆಗೆಯುವ ಉಳಿಗೆ 30–35. ಕೋನ ಕಿರಿದಾದಷ್ಟೂ ಸಲೀಸಾಗಿ ಕೊಯ್ಯುತ್ತದೆ, ಬೇಗ ಮುರಿಯುತ್ತದೆ. ಒಬ್ಬರು ನಯಕ್ಕೆ ಅಂತ 20ಕ್ಕೆ ಮಸೆದಿಟ್ಟು ಹೋದ ಉಳಿಯನ್ನು ಇನ್ನೊಬ್ಬರು ಹಲಸಿನ ಗಂಟಿಗೆ ಇಟ್ಟು ಹೊಡೆದರೆ ಬಾಯಿ ಉದುರದೆ ಇನ್ನೇನಾಗುತ್ತದೆ? ಇಬ್ಬರದೂ ತಪ್ಪಿಲ್ಲ. ಉಳಿಯೇ ಇಬ್ಬರಿಗೆ ಆಗುವಂಥದ್ದಲ್ಲ.

ಕೋನ ಅಳೆಯಲು ಕೋನಮಾಪಕ ಬೇಕಿಲ್ಲ. ಓರೆಯ ಉದ್ದ ಅಲಗಿನ ದಪ್ಪದ ಸರಿಯಾಗಿ ಎರಡು ಪಟ್ಟು ಇದ್ದರೆ ಅದು 30 ಡಿಗ್ರಿ. ಎರಡೂಕಾಲು ಮತ್ತು ಎರಡೂವರೆ ಪಟ್ಟಿನ ನಡುವೆ ಇದ್ದರೆ 25ರ ಹತ್ತಿರ. ಐದು ಮಿಲಿಮೀಟರ್ ದಪ್ಪದ ಉಳಿಗೆ ಓರೆ 10 ಮಿಲಿಮೀಟರ್ ಇದ್ದರೆ 30, 12 ಇದ್ದರೆ 25. ಒಂದು ಗಟ್ಟಿ ಮರದ ತುಂಡಿನಲ್ಲಿ ಈ ಎರಡು ಕೋನಗಳ ಕಚ್ಚು ಕೊಯ್ದು ಕಲ್ಲಿನ ಪಕ್ಕ ನೇತುಹಾಕಿ. ಹೊಸಬರು ಉಳಿಯನ್ನು ಅದರಲ್ಲಿಟ್ಟು ಬೆಳಕಿಗೆ ಹಿಡಿದು ನೋಡಲಿ. ಮಸೆಯುವಾಗ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಗೈಡ್ ಕೊಂಡುಕೊಳ್ಳಬೇಕೇ ಅಂದರೆ, ಒಬ್ಬರೇ ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ನೀವು ಏಳೆಂಟು ಜನ ಇದ್ದೀರಿ, ಕೊಳ್ಳಿ. ಪಳಗಿದ ಕೈಗೆ ಅದು ಅಡ್ಡಿ. ಆದರೆ ಎಲ್ಲರ ಕೋನ ಒಂದೇ ಆಗಬೇಕಾದ ಕಡೆ ಅದು ಜಗಳ ತಪ್ಪಿಸುತ್ತದೆ.

ಮಸೆಯುವುದರಲ್ಲಿ ಜನ ಮರೆಯುವುದು ಬೆನ್ನನ್ನು. ಅಂಚು ಅಂದರೆ ಎರಡು ಮೈ ಸೇರುವ ಗೆರೆ. ಓರೆಯನ್ನು ಕನ್ನಡಿ ಮಾಡಿಟ್ಟು ಬೆನ್ನಲ್ಲಿ ತುಕ್ಕಿನ ಗುಳಿ ಬಿಟ್ಟರೆ ಬಾಯಿ ಗರಗಸವಾಗುತ್ತದೆ. ಹೊಸ ಉಳಿಯ ಬೆನ್ನಿನ ಕೊನೆಯ ಒಂದು ಅಂಗುಲವನ್ನು ಒಮ್ಮೆ ಚಪ್ಪಟೆ ಮಾಡಿದರೆ ಮುಂದೆ ಆಗಾಗ ತೀಡಿದರೆ ಸಾಕು. ಮಸೆಯುವಾಗ ಓರೆಯ ಮೇಲೆ ಕೆಲಸ ಸಾಕಾಗಿದೆಯೋ ಇಲ್ಲವೋ ತಿಳಿಯಲು ಬೆರಳನ್ನು ಬೆನ್ನ ಕಡೆಯಿಂದ ಅಂಚಿನ ಆಚೆಗೆ ಜಾರಿಸಿ, ಎಂದೂ ಅಂಚಿನ ಉದ್ದಕ್ಕೆ ಅಲ್ಲ. ಕೂದಲಿನಷ್ಟು ಸಣ್ಣ ಉಕ್ಕಿನ ಎಳೆ ಬೆರಳಿಗೆ ಸಿಕ್ಕುತ್ತದೆ. ಬಾಯಿಯ ಈ ಮೂಲೆಯಿಂದ ಆ ಮೂಲೆಯ ತನಕ ಎಳೆ ಸಿಕ್ಕಿತು ಅಂದರೆ ಆ ಕಲ್ಲಿನ ಕೆಲಸ ಮುಗಿಯಿತು, ನುಣುಪು ಕಲ್ಲಿಗೆ ಹೋಗಿ. ಮಧ್ಯದಲ್ಲಿ ಸಿಕ್ಕಿ ಮೂಲೆಯಲ್ಲಿ ಸಿಗದಿದ್ದರೆ ಇನ್ನೂ ಮಸೆಯಬೇಕು. ಕೊನೆಗೆ ಬೆನ್ನನ್ನು ಕಲ್ಲಿಗೆ ಪೂರ್ತಿ ಚಪ್ಪಟೆ ಇಟ್ಟು ನಾಲ್ಕು ಸಲ ಎಳೆದು ಆ ಎಳೆ ತೆಗೆಯಿರಿ. ಹರಿತ ನೋಡಲು ಹೆಬ್ಬೆರಳು ಬೇಡ. ಅಂಚನ್ನು ಕಿಟಕಿಗೆ ಹಿಡಿಯಿರಿ. ಬೆಳಕಿಗೆ ಬಿಳಿ ಗೆರೆ ಹೊಳೆದರೆ ಅಲ್ಲಿ ಮೊಂಡು.

ಒಂದೇ ಕಲ್ಲು ಎಲ್ಲರೂ ಬಳಸಬಹುದು, ಆದರೆ ಷರತ್ತು ಇದೆ. ಕಾರ್ಬೊರಂಡಮ್ ಕಲ್ಲಿಗೆ ಒಬ್ಬರು ಎಣ್ಣೆ, ಒಬ್ಬರು ನೀರು ಹಾಕಬಾರದು. ಎಣ್ಣೆ ಕುಡಿದ ಕಲ್ಲಿನ ಮೇಲೆ ನೀರು ನಿಲ್ಲುವುದಿಲ್ಲ, ರಂಧ್ರ ಕಟ್ಟಿ ಕಲ್ಲು ಜಾರುತ್ತದೆ. ಯಾವುದಾದರೂ ಒಂದು ಅಂತ ಕಲ್ಲಿನ ಡಬ್ಬಿಯ ಮೇಲೆ ಬರೆದಿಡಿ. ಎಣ್ಣೆ ಅಂದರೆ ಹೊಲಿಗೆ ಯಂತ್ರದ ತೆಳು ಎಣ್ಣೆ, ಬೇಕಾದರೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ. ತೆಂಗಿನೆಣ್ಣೆ ಬೇಡ. ಚಳಿಗಾಲದ ಬೆಳಗ್ಗೆ ಅದು ಕಲ್ಲಿನ ಮೇಲೇ ಹೆಪ್ಪುಗಟ್ಟಿರುತ್ತದೆ. ಎಲ್ಲರೂ ಕಲ್ಲಿನ ನಡುವೆಯೇ ತಿಕ್ಕುವುದರಿಂದ ಹೊಟ್ಟೆ ಕುಸಿಯುತ್ತದೆ. ಕುಸಿದ ಕಲ್ಲಿನಲ್ಲಿ ಮಸೆದ ಅಗಲ ಉಳಿಯ ಬಾಯಿ ಉಬ್ಬುತ್ತದೆ, ಬೆನ್ನು ಎಂದೂ ಚಪ್ಪಟೆ ಆಗುವುದಿಲ್ಲ. ವಾರಕ್ಕೊಮ್ಮೆ ಕಲ್ಲಿನ ಮೇಲೆ ಪೆನ್ಸಿಲ್‌ನಿಂದ ಗೀಟು ಎಳೆದು, ಗಾಜಿನ ಮೇಲಿಟ್ಟ ಒರಟು ವಾಟರ್ ಪೇಪರ್‌ಗೆ ಗೀಟು ಪೂರ್ತಿ ಅಳಿಯುವ ತನಕ ಉಜ್ಜಿ. ಡೈಮಂಡ್ ಪ್ಲೇಟ್ ಕೊಳ್ಳುವಷ್ಟು ದುಡ್ಡು ಸೇರಿದರೆ ಈ ರಗಳೆ ಇಲ್ಲ. ಹಂಚಿಕೊಂಡು ಬಳಸುವ ಕಡೆ ಅದೇ ವಾಸಿ.

ಅಜ್ಜನ ಉಳಿ. ಅದಕ್ಕೆ ಚಕ್ರ ತಾಗಿಸುವ ಮೊದಲು ಓರೆಯನ್ನು ಚೆನ್ನಾಗಿ ತೊಳೆದು, ನುಣುಪು ಕಲ್ಲಿನಲ್ಲಿ ಒಂದಿಷ್ಟು ಮಸೆದು, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಓರೆಯ ಮೇಲೆ ಎರಡು ಬಣ್ಣ ಕಾಣುತ್ತದೆಯೇ? ಬಾಯಿಯ ಕಡೆ ಹೊಳೆಯುವ ತೆಳು ಪಟ್ಟಿ, ಅದರ ಹಿಂದೆ ಮಂಕಾದ ಬೂದು, ನಡುವೆ ಗೆರೆ. ಹಾಗಿದ್ದರೆ ಅದು ಮೆದು ಕಬ್ಬಿಣದ ಬೆನ್ನಿಗೆ ಗಡುಸು ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲಿ ಬೆಸೆದ ಉಳಿ. ಉಕ್ಕು ದುಬಾರಿ ಇದ್ದ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಅಂಥದ್ದರಲ್ಲಿ ಗಡುಸು ಪಟ್ಟಿ ತುದಿಯ ಕೆಲವು ಅಂಗುಲ ಮಾತ್ರ ಇರಬಹುದು, ತಲೆಮಾರು ಮಸೆದು ಅದರಲ್ಲಿ ಎಷ್ಟು ಉಳಿದಿದೆಯೋ. ಒಂದೂವರೆ ಇಂಚಿನ ಬಾಯಿಯನ್ನು 20 ಡಿಗ್ರಿ ವಾರೆ ಮಾಡಲು ಒಂದು ಮೂಲೆಯಲ್ಲಿ ಸುಮಾರು 14 ಮಿಲಿಮೀಟರ್ ಕೊಯ್ಯಬೇಕು. ಅಷ್ಟು ಉಕ್ಕು ಹೋಗಿಬಿಡುತ್ತದೆ. ಇನ್ನೊಬ್ಬರು ಬಂದು ಮಸೆಯುವ ಓರೆಯನ್ನೇ ಬೆನ್ನ ಕಡೆಗೆ ತಿರುಗಿಸೋಣ ಅಂದರೆ ಖಂಡಿತ ಒಪ್ಪಬೇಡಿ. ಆಗ ಬಾಯಿ ಮೆದು ಕಬ್ಬಿಣದಲ್ಲಿ ಬಂದು ನಿಲ್ಲುತ್ತದೆ.

ಎರಡು ಬಣ್ಣ ಕಾಣದಿದ್ದರೆ ಇಡೀ ಅಲಗು ಒಂದೇ ಉಕ್ಕು, ಕೊಯ್ಯಬಹುದು. ಆದರೂ ನನ್ನ ಮಾತು ಕೇಳುವುದಾದರೆ ಬೇಡ. ಓರೆ ಬಾಯಿಯ ಉಳಿ ಕೆಲಸಕ್ಕೆ ಬರುವುದು ಮೂಲೆಗಳನ್ನು ಸವರಲು, ಅದಕ್ಕೆ ಅರ್ಧ ಇಂಚು, ಮುಕ್ಕಾಲು ಇಂಚು ಸಾಕು. ಅದೂ ಎಡಕ್ಕೊಂದು ಬಲಕ್ಕೊಂದು ಜೋಡಿ ಬೇಕು. ಒಂದೇ ಇದ್ದರೆ ಅರ್ಧ ಮೂಲೆಗಳಿಗೆ ಎಟುಕುವುದಿಲ್ಲ. ಅಗ್ಗದ ಎರಡು ಉಳಿ ತಂದು ಅವನ್ನು ಕೊಯ್ಯಿರಿ. ನೀಲಿಯಾದವುಗಳಲ್ಲೇ ಎರಡನ್ನು ಆರಿಸಿಕೊಂಡರೂ ಆಯ್ತು, ಹೇಗೂ ಸವೆಸಬೇಕು. ಒಂದೂವರೆ ಇಂಚಿನ ಅಗಲ ಉಳಿ ದೊಡ್ಡ ಬಾಗಿಲ ಚೌಕಟ್ಟಿನ ಕೆಲಸಕ್ಕೆ ಇರಲಿ. ಅದನ್ನು ಎಲ್ಲರ ಪೆಟ್ಟಿಗೆಯಿಂದ ತೆಗೆದು ಮನೆಗೂ ಒಯ್ಯಬಹುದು, ಯಾರೂ ಬೇಸರ ಮಾಡಿಕೊಳ್ಳಲಾರರು.

ಯಾಕೆಂದರೆ ಎಲ್ಲವೂ ಎಲ್ಲರಿಗೂ ಅನ್ನುವುದು ಗರಗಸ, ಕ್ಲ್ಯಾಂಪ್, ಬೆಂಚಿಗೆ ಸರಿ, ನಯದ ಉಳಿಗೆ ಸರಿ ಅಲ್ಲ. ನಮ್ಮ ಜಿಲ್ಲೆಯ ಗುಡಿಗಾರರು ಶ್ರೀಗಂಧದಲ್ಲಿ, ಶಿವಣೆಯಲ್ಲಿ ಕೆತ್ತುತ್ತಾರಲ್ಲ, ನಾನು ನೋಡಿದ ಮಟ್ಟಿಗೆ ಅವರು ಕೆತ್ತುವ ಉಳಿಯನ್ನು ಪಕ್ಕದವರಿಗೂ ಸುಲಭಕ್ಕೆ ಕೊಡುವುದಿಲ್ಲ. ಜಿಪುಣತನ ಅಲ್ಲ, ಮಸೆಯುವ ಕೈ ಬದಲಾದರೆ ಉಳಿಯ ನಡೆಯೂ ಬದಲಾಗುತ್ತದೆ. ನೀವು ಹೀಗೆ ಮಾಡಿ ನೋಡಿ. ಒರಟು ಕೆಲಸದ ಉಳಿಗಳು ಎಲ್ಲರವು, 30 ಡಿಗ್ರಿ, ಹಿಡಿಗೆ ಒಂದು ಬಣ್ಣದ ಸುತ್ತು. 25ರ ನಯದ ಉಳಿ ಎರಡು ಮೂರು, ಬೇರೆ ಬಣ್ಣ, ಅದಕ್ಕೆ ಕೊಡತಿ ತಾಗಿಸುವಂತಿಲ್ಲ. ಅದಕ್ಕಿಂತ ನಯ ಬೇಕಾದವರು ಸ್ವಂತದ್ದು ತಂದುಕೊಳ್ಳಲಿ. ಗ್ರೈಂಡರ್ ಮುಟ್ಟುವವರು ಇಬ್ಬರೇ, ಅದರಲ್ಲಿ ಒಬ್ಬರು ಅದನ್ನು ತಂದವರೇ ಆಗಲಿ. ಕಲ್ಲು ಮಾತ್ರ ಎಲ್ಲರೂ ಕಲಿಯಬೇಕು. ಮೊಂಡಾದದ್ದನ್ನು ಸುಮ್ನೆ ಜಾಗಕ್ಕೆ ಸಿಕ್ಕಿಸಿ ಹೋಗುವ ಅಭ್ಯಾಸವೇ ಎಲ್ಲ ಜಗಳದ ಮೂಲ. ಮಸೆಯಲು ಪುರುಸೊತ್ತಿಲ್ಲದಿದ್ದರೆ ‘ಮೊಂಡು’ ಅಂತ ಬರೆದ ಡಬ್ಬಿಗೆ ಹಾಕಿ ಹೋಗಲಿ.

ಮಳೆಗಾಲದ ತುಕ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕುಮಟೆ, ಕಾರವಾರದ ಕಡೆ ಉಪ್ಪು ಗಾಳಿ, ನಿಮ್ಮ ಘಟ್ಟದ ಮೇಲೆ ತಿಂಗಳುಗಟ್ಟಲೆ ಆರದ ಒದ್ದೆ. ಕೈಬೆವರು ತಾಗಿದ ಅಲಗು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಕೆಲಸ ಮುಗಿದ ಮೇಲೆ ಅದೇ ಹೊಲಿಗೆ ಯಂತ್ರದ ಎಣ್ಣೆಯ ಬಟ್ಟೆಯಿಂದ ಒರೆಸಿ. ಚರ್ಮದ ಒರೆಯಲ್ಲಿ, ಮರದ ಪುಡಿಯಲ್ಲಿ ಹುಗಿದು ಇಡಬೇಡಿ, ಎರಡೂ ತೇವ ಹಿಡಿಯುತ್ತವೆ.

ಕೊನೆಗೆ ಕತ್ತಿ, ಮೆಟ್ಟುಗತ್ತಿ. ತರಲಿ, ಬೇಡ ಅನ್ನಬೇಡಿ. ಸುಗ್ಗಿಯಲ್ಲಿ ಅಡಿಕೆ ಸುಲಿಯುವವರಿಗೆ ಮಸೆದುಕೊಟ್ಟರೆ ಊರಿನವರ ಪ್ರೀತಿಯೂ ಸಿಗುತ್ತದೆ, ಬಾಡಿಗೆಯ ದುಡ್ಡಿನ ಒಂದು ಪಾಲೂ ಹುಟ್ಟುತ್ತದೆ. ಆದರೆ ಅವಕ್ಕೆ ಉಳಿಯ ಕಲ್ಲು ಕೊಡಬೇಡಿ. ಬಾಗಿದ ಅಲಗು ಕಲ್ಲಿನಲ್ಲಿ ಕಾಲುವೆ ತೋಡುತ್ತದೆ. ಹೊರಗೆ ಜಗುಲಿಯಲ್ಲಿ ಒಂದು ಒರಟು ಸಾಣೆ ಕಲ್ಲು, ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಬಿಡಿ. ಕತ್ತಿಯ ಉಕ್ಕು ಉಳಿಯಷ್ಟು ಗಡುಸಲ್ಲ, ಬೇಗ ಮಸೆಗೆ ಬರುತ್ತದೆ, ಗ್ರೈಂಡರ್ ಬೇಕಾಗುವುದಿಲ್ಲ. ಸೊಪ್ಪು, ಸಣ್ಣ ರೆಂಬೆಗೆ ತೆಳ್ಳಗಿನ ಬಾಯಿ ನಡೆಯುತ್ತದೆ. ಕಟ್ಟಿಗೆ ಒಡೆಯುವ ಕತ್ತಿಗೆ ಎರಡೂ ಬದಿ ಸೇರಿ 30 ಡಿಗ್ರಿಗಿಂತ ಕಮ್ಮಿ ಮಾಡಬೇಡಿ. ಯಾವ ಕೆಲಸಕ್ಕೆ ಅಂತ ತಂದವರನ್ನೇ ಕೇಳಿ ಮಸೆಯಿರಿ.